ಬರ್ತೀನಿ ಅಂದವಳು

ಬಾಗಿಲಲ್ಲಿ ನಿಂತವರು ಒಳಗೆ ಬಂದು ಕೂತ್ಕೊಳ್ಳಿ. ಹೊಸಿಲ ಮೇಲೆ ಮಾತ್ರ ಕೂರಬೇಡಿ, ಕಥೆ ಹೊಸಿಲಿನದೇ. ಕಾಲು ಚಾಚೋರು ಚಾಚಿ, ಗೋಡೆಗೆ ಒರಗೋರು ಒರಗಿ. ನಡುವೆ ಎದ್ದು ಹೊರಡೋ ಕೆಲಸ ಏನಾದರೂ ಇದ್ದರೆ ಈಗಲೇ ಮುಗಿಸಿಕೊಂಡು ಬಂದುಬಿಡಿ. ಯಾಕೆ ಅಂತ ಆಮೇಲೆ ನಿಮಗೇ ತಿಳಿಯುತ್ತೆ. ಕೂತ್ರಾ? ಹಾಂ, ಇನ್ನು ಕಿವಿ ಇಲ್ಲಿ ಕೊಡಿ.

ಒಂದು ಊರು. ಆ ಊರಲ್ಲಿ ಎಷ್ಟು ಮನೆಯೋ ಅಷ್ಟು ಬಾಗಿಲು, ಎಷ್ಟು ಬಾಗಿಲೋ ಅಷ್ಟು ಹೊಸಿಲು. ಬೆಳಗಾದರೆ ಹೊಸಿಲು ತೊಳೆಯೋರು, ಹೊಸಿಲಿಗೆ ಅರಿಸಿನ ಬಳಿಯೋರು, ಹೊಸಿಲ ಮೇಲೆ ರಂಗೋಲಿ ಎಳೆಯೋರು. ಸಂಜೆಯಾದರೆ ಹೊಸಿಲ ಪಕ್ಕ ದೀಪ ಇಡೋರು. ಮಗುವಿಗೆ ಮಾಡೋ ಹಾಗೆ ಹೊಸಿಲಿಗೆ ಉಪಚಾರ. ಯಾಕಂದರೆ ಆ ಊರಿನ ಹೊಸಿಲಿಗೆ ಕಿವಿ ಇತ್ತು. ದಾಟುವಾಗ ಆಡಿದ ಮಾತನ್ನ ಅದು ಕೇಳಿಸಿಕೊಳ್ತಿತ್ತು. ಕೇಳಿಸಿಕೊಂಡದ್ದನ್ನ ನಡೆಸಿಬಿಡ್ತಿತ್ತು.

ಅದಕ್ಕೇ ಆ ಊರಲ್ಲಿ ಒಂದು ಕಟ್ಟು. ಹೊರಗೆ ಹೊರಟವರು ಯಾರೇ ಆಗಲಿ, "ಬರ್ತೀನಿ" ಅನ್ನಬೇಕು. ನೀರಿಗೆ ಹೊರಟರೂ ಬರ್ತೀನಿ, ಸಂತೆಗೆ ಹೊರಟರೂ ಬರ್ತೀನಿ, ಜಗಳ ಆಡಿಕೊಂಡು ಹೊರಟರೂ ಮುಖ ಆ ಕಡೆ ತಿರುಗಿಸಿಕೊಂಡು ಬರ್ತೀನಿ. ಒಳಗಿದ್ದವರು "ಹೋಗಿ ಬಾ" ಅನ್ನಬೇಕು. ಹೊರಟವರ ಬಾಯಲ್ಲಿ "ಹೋಗ್ತೀನಿ" ಅನ್ನೋ ಬೋಳು ಮಾತು ಬರಕೂಡದು. ಅದು ಸಾಯೋರ ಮಾತು. ಪ್ರಾಣ ಬಿಡೋ ಹೊತ್ತಲ್ಲಿ ಮಕ್ಕಳ ಕೈ ಹಿಡಿದು ಹೇಳೋದು. ಬದುಕಿರೋರು ಹೊಸಿಲ ಮೇಲೆ ನಿಂತು ಅದನ್ನ ಅಂದರೋ, ಮುಗೀತು. ಕಣ್ಣಿಗೆ ಕಾಣ್ತಾರೆ, ಮಾತಾಡಿದರೆ ಕೇಳಿಸುತ್ತೆ, ಆದರೆ ತಮ್ಮವರಿಗೇ ಗುರುತು ಸಿಗಲ್ಲ.

ಹಿಂದೆ ಒಬ್ಬ ಗಂಡಸು ಅಣ್ಣನ ಮೇಲಿನ ಸಿಟ್ಟಿಗೆ ಹೋಗ್ತೀನಿ ಅಂತ ಅಂದು ಹೊಸಿಲು ದಾಟಿದ. ಬೀದಿ ತಿರುವಿಗೆ ಹೋದವನಿಗೆ ಟವೆಲ್ಲು ಮರೆತದ್ದು ನೆನಪಾಗಿ ವಾಪಸು ಬಂದ. ಬಾಗಿಲಿಗೆ ಬಂದ ಹೆತ್ತತಾಯಿ ಅವನನ್ನ ಮೇಲಿಂದ ಕೆಳಗೆ ನೋಡಿ, "ಯಾರ ಮನೆಯವನಪ್ಪಾ ನೀನು? ಬಿಸಿಲಲ್ಲಿ ಬಂದಿದೀಯ, ಮಜ್ಜಿಗೆ ಕುಡೀತೀಯಾ?" ಅಂದಳು. ಅವನು ಮಜ್ಜಿಗೆ ಕುಡಿದ. ಲೋಟ ಬೋರಲು ಹಾಕಿಟ್ಟ. ಟವೆಲ್ಲು ಕೇಳೋಕೆ ಬಾಯಿ ಬರಲಿಲ್ಲ. ಅವನ ಕಥೆ ಹೇಳಿ ಹೇಳಿಯೇ ಆ ಊರಿನೋರು ಮಕ್ಕಳಿಗೆ ಮಾತು ಕಲಿಸ್ತಿದ್ದದ್ದು.

ಆ ಊರಲ್ಲಿ ಒಬ್ಬಳು ಟೀಚರಮ್ಮ. ಮಕ್ಕಳಿಗೆ ಇಂಗ್ಲಿಷು ಹೇಳಿಕೊಡೋಳು. "ಕಮ್ ಅಂದ್ರೆ?" ಅಂತ ಅವಳು ಕೇಳಿದರೆ ಮಕ್ಕಳೆಲ್ಲ "ಬಾ!" ಅಂತ ಕೂಗೋವು. "ಗೋ ಅಂದ್ರೆ?" ಅಂದರೆ "ಹೋಗು!" ಅಂತ ಸೂರು ಹಾರಿಹೋಗೋ ಹಾಗೆ ಕೂಗೋವು. ಮಣೆ ಮೇಲೆ ಕೂತು ಹೇಳೋ ಪಾಠಕ್ಕೆ ದೋಷ ಇಲ್ಲ, ಕಿವಿ ಇರೋದು ಹೊಸಿಲಿಗೆ ತಾನೇ. ಮನೆಯಲ್ಲಿ ಗಂಡ ಇದ್ದ, ಅತ್ತೆ ಇದ್ದಳು, ಮೊಲೆ ಕುಡಿಯೋ ಒಂದು ಹೆಣ್ಣುಮಗು ಇತ್ತು. ಮಗು ಇನ್ನೂ ಮಗುಚಿಕೊಳ್ಳೋದು ಕಲೀತಿತ್ತು. ಅಮ್ಮನ ಹಾಲು ಬಿಟ್ಟು ಬೇರೆ ಏನನ್ನೂ ನಾಲಗೆಗೆ ಮುಟ್ಟಿಸಿಕೊಳ್ತಿರಲಿಲ್ಲ. ಹಸುವಿನ ಹಾಲು ಇಟ್ಟರೆ ಉಗುಳೋದು, ರಾಗಿ ಮಣ್ಣಿ ಇಟ್ಟರೆ ಮುಖ ತಿರುಗಿಸೋದು.

ಹೀಗಿರುವಾಗ ಊರಿನ ಓದಿದವರಿಗೆಲ್ಲ ಒಂದು ಯೋಚನೆ ಬಂತು. ಅವರಿಗೊಬ್ಬರು ಅಧ್ಯಕ್ಷರು. ಅವರು ಎದ್ದು ನಿಂತು ಹೇಳಿದರು: "ಇಂಗ್ಲಿಷು ಅಂದರೆ ಲೋಕಕ್ಕೆ ಹೆಬ್ಬಾಗಿಲು. ಅಂಥ ಹೆಬ್ಬಾಗಿಲು ನಮ್ಮೂರಲ್ಲಿ ಇಲ್ಲವಲ್ಲ! ಕಥೆಯಲ್ಲಿ ಬಾಗಿಲಿದೆ, ಹಾಡಿನಲ್ಲಿ ಬಾಗಿಲಿದೆ, ಕಾವ್ಯದಲ್ಲಿ ಬಾಗಿಲಿದೆ. ಅವನ್ನೆಲ್ಲ ಕುರಿತು ಒಂದು ದೊಡ್ಡ ಸಭೆ ಆಗಬೇಕು. ಇಂಗ್ಲಿಷು ಕಲಿಸೋರೆಲ್ಲ ಬಂದು ಪ್ರಬಂಧ ಓದಬೇಕು. ಸಭೆಗೆ ಮುಂಚೆ ಬಾಗಿಲಾಗಬೇಕು."

ಸಭಾಮಂಟಪ ಕಟ್ಟಿದರು. ಅದರ ಸುತ್ತ ಗೋಡೆ, ಗೋಡೆಗೆ ಒಂದೇ ಬಾಗಿಲು. ಎಂಥಾ ಬಾಗಿಲು ಅಂತೀರಿ! ಅದರ ಕೆಳಗೆ ಯಾರೂ ಬಾಗಬೇಕಿರಲಿಲ್ಲ. ಆನೆ ಮೇಲೆ ಅಂಬಾರಿ, ಅಂಬಾರಿ ಮೇಲೆ ಕೊಡೆ, ಎಲ್ಲ ಸಲೀಸಾಗಿ ಒಳಗೆ ಹೋಗಬಹುದು. ಮರ ಕಡಿದ ದಿನದಿಂದ ಆ ಬಾಗಿಲಿನ ಮುಂದೆ ಇಂಗ್ಲಿಷು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಬಡಗಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಉಳಿ ಹಿಡಿದ. ಓದಿದವರು ಸರದಿ ಮೇಲೆ ಬಂದು ಅದರ ಕಿವಿಯಲ್ಲಿ ಇಂಗ್ಲಿಷು ಓದಿದರು. ಹಾಗೆ ಬೆಳೆಸಿದ ಬಾಗಿಲಿಗೆ ಇಂಗ್ಲಿಷು ಒಂದೇ ತಿಳೀತಿತ್ತು. "ಕಮ್" ಅಂದರೆ ಒಳಗೆ ಬಿಡೋದು. "ಗೋ" ಅಂದರೆ ಹೊರಗೆ ಬಿಡೋದು. ಬೇರೆ ಏನಂದರೂ ಕಲ್ಲು.

ಸಭೆಯ ದಿನ ಟೀಚರಮ್ಮ ಎದ್ದು ತಲೆಗೆ ಸ್ನಾನ ಮಾಡಿ, ಮಗುವಿಗೆ ಹೊಟ್ಟೆ ತುಂಬ ಹಾಲು ಕೊಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಅವಳದೂ ಒಂದು ಪ್ರಬಂಧ ಇತ್ತು, ಹೊಸಿಲ ಮೇಲೆ ನಿಂತ ಹೆಂಗಸರ ಹಾಡುಗಳ ಮೇಲೆ. ಇಷ್ಟು ವರ್ಷ ಕಮ್ ಗೋ ಅಂತ ಮಕ್ಕಳ ಮುಂದೆ ಕೂಗಿ ಕೂಗಿ ಗಂಟಲು ಸೋತಿತ್ತು. ದೊಡ್ಡವರು ಕೂತು ತನ್ನ ಮಾತು ಕೇಳೋದು ಅಂದರೆ ಅವಳಿಗೆ ಹಬ್ಬವೇ.

ಅತ್ತೆ ಮಗುವನ್ನ ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಬಂದಳು.

"ಏನು ಮಾತಾಡ್ತಾರೆ ಕಣೇ ಅಲ್ಲಿ?"

"ಬಾಗಿಲಿನ ವಿಷಯ ಅತ್ತೆ."

"ದಿನವಿಡೀ ಬಾಗಿಲ ವಿಷಯವೇ? ಅದರಲ್ಲಿ ಏನಿರುತ್ತೆ, ತೆಗೀಬೇಕು, ಹಾಕಬೇಕು."

"ಹಾಗಲ್ಲ ಅತ್ತೆ..."

"ಹಾಗೋ ಹೀಗೋ, ಹಾಲು ಕಟ್ಟಿಕೊಳ್ಳೋ ತನಕ ಕೂತಿರಬೇಡ. ಇವಳು ನನ್ನ ಮಾತು ಕೇಳೋಳಲ್ಲ. ಹೊತ್ತು ಮುಳುಗೋ ಮುಂಚೆ ಬಂದುಬಿಡು."

"ಬರ್ತೀನಿ ಅತ್ತೆ."

"ಹೋಗಿ ಬಾ ತಾಯಿ."

ಹೀಗೆ ಅವಳು ಹೊರಟದ್ದು. ಹೆಬ್ಬಾಗಿಲ ಮುಂದೆ ನಿಂತು "ಕಮ್" ಅಂದಳು. ಬಾಗಿಲು ತೆರೀತು. ಎಲ್ಲರೂ "ಕಮ್" ಅಂದರು, ಎಲ್ಲರೂ ಒಳಗೆ ಬಂದರು. ಕೊನೆಯವನು ಬಂದ ಮೇಲೆ ಬಾಗಿಲು ಮುಚ್ಚಿಕೊಂಡಿತು.

ಒಳಗೆ ಚಾಪೆ, ಚಾಪೆಯ ಮೇಲೆ ಓದಿದವರು. ಅಧ್ಯಕ್ಷರು ಗಂಟೆ ಬಾರಿಸಿ ಕೇಳಿದರು: "ಬಾಗಿಲು ಎಂದರೇನು?" ಒಬ್ಬರು ಎದ್ದು ಬಾಗಿಲು ಎಂದರೆ ಹುಟ್ಟು ಅಂದರು. ಚಪ್ಪಾಳೆ. ಅಧ್ಯಕ್ಷರು ಮತ್ತೆ ಗಂಟೆ ಬಾರಿಸಿದರು: "ಬಾಗಿಲು ಎಂದರೇನು?" ಇನ್ನೊಬ್ಬರು ಎದ್ದು ಬಾಗಿಲು ಎಂದರೆ ಸಾವು ಅಂದರು. ಚಪ್ಪಾಳೆ. ಮತ್ತೆ ಗಂಟೆ: "ಬಾಗಿಲು ಎಂದರೇನು?" ದೂರದ ಊರಿಂದ ಗಾಡಿಯಲ್ಲಿ ಬಂದಿದ್ದ ಒಬ್ಬ ಪಂಡಿತರು ಎದ್ದು, ಬಾಗಿಲು ಅಂತ ಒಂದು ಇಲ್ಲವೇ ಇಲ್ಲ, ಗೋಡೆ ಇಲ್ಲದ ಜಾಗಕ್ಕೆ ನಾವು ಬಾಗಿಲು ಅಂತ ಹೆಸರಿಟ್ಟಿದೀವಿ, ಅಷ್ಟೇ ಅಂದರು. ಅದಕ್ಕೆ ಎಲ್ಲಕ್ಕಿಂತ ಜೋರು ಚಪ್ಪಾಳೆ. ಟೀಚರಮ್ಮನೂ ತನ್ನ ಸರದಿಯಲ್ಲಿ ಎದ್ದಳು. ಓದಿದಳು. ಅವಳಿಗೂ ಚಪ್ಪಾಳೆ ಬಿತ್ತು, ಕಿವಿ ಬಿಸಿಯಾಯಿತು. ಆ ಗಳಿಗೆ ಅವಳಿಗೆ ಮನೆ ನೆನಪಿರಲಿಲ್ಲ. ಇರಬೇಕಿತ್ತು ಅಂತ ನಾನೂ ಅನ್ನಲ್ಲ, ನೀವೂ ಅನ್ನಬೇಡಿ.

ಬಿಸಿಲು ಬಾಡ್ತಾ ಬಂತು. ಅವಳ ಎದೆ ಭಾರವಾಯಿತು. ಹಾಲು ಬಿಗಿದುಕೊಂಡು ಕಂಕುಳ ತನಕ ನೋವು. ಕೂತರೆ ಕೂರೋಕಾಗದು, ಎದ್ದರೆ ನಿಲ್ಲೋಕಾಗದು. ಸೆರಗು ಹೊದ್ದುಕೊಂಡು ಮೆಲ್ಲಗೆ ಎದ್ದು ಬಾಗಿಲ ಹತ್ತಿರ ಬಂದಳು.

ಬಾಗಿಲ ಮುಂದೆ ನಿಂತ ಮೇಲೆ ಬಾಯಿ ತನ್ನಷ್ಟಕ್ಕೆ ತಾನೇ "ಬರ್ತೀನಿ" ಅಂದಿತು. ಬಾಗಿಲಿಗೆ ತಿಳೀಲಿಲ್ಲ. ಓ, ಇದಕ್ಕೆ ಇಂಗ್ಲಿಷು ಬೇಕಲ್ಲ ಅಂದುಕೊಂಡು ಅದೇ ಮಾತನ್ನ ಇಂಗ್ಲಿಷಿಗೆ ತಿರುಗಿಸಿದಳು: "ಐ ಆಮ್ ಕಮಿಂಗ್." ಬಾಗಿಲು ಕೇಳಿಸಿಕೊಂಡಿತು. ಬರ್ತಾ ಇದಾಳೆ, ಸರಿ, ಬಂದಿದಾಳೆ ಅಂದುಕೊಂಡು ಅಗುಳಿಯನ್ನ ಇನ್ನಷ್ಟು ಬಿಗಿ ಮಾಡಿತು. ಅವಳು ಮತ್ತೆ ಅಂದಳು. ಅದು ಮತ್ತೆ ಬಿಗಿ ಮಾಡಿತು.

ಹೊರಡೋಕೆ ಅಂತ ಎದ್ದ ಇನ್ನೂ ಕೆಲವರು ಅವಳ ಹಿಂದೆ ಬಂದು ನಿಂತರು. ಎಲ್ಲರ ಬಾಯಲ್ಲೂ ಅದೇ. ಹುಟ್ಟಿದಾಗಿನಿಂದ ಹೊಸಿಲ ಮೇಲೆ ಒಂದೇ ಮಾತು ಆಡಿದ ನಾಲಗೆ, ಅದು ಯಾವ ಭಾಷೆಗೆ ಹೋದರೂ ಆ ಮಾತನ್ನೇ ಹೊತ್ತುಕೊಂಡು ಹೋಗುತ್ತೆ. "ಕಮಿಂಗ್", "ಕಮಿಂಗ್" ಅಂತ ಒಬ್ಬರಾದ ಮೇಲೆ ಒಬ್ಬರು ಅಂದರು. ಬಾಗಿಲು ಒಬ್ಬರಾದ ಮೇಲೆ ಒಬ್ಬರಿಗೆ ಬಿಗೀತಾ ಹೋಯಿತು.

"ಗೋ ಅನ್ನಬೇಕು ಇದಕ್ಕೆ" ಅಂತ ಯಾರೋ ಮೆತ್ತಗೆ ಅಂದರು.

ಗೋ ಯಾರಿಗೆ ಗೊತ್ತಿಲ್ಲ? ದಿನಾ ಕಲಿಸೋ ಮಾತು. ಆದರೆ ಕಾಲ ಕೆಳಗೆ ಹೊಸಿಲು. ಬಾಗಿಲು ಹೊಸದಾದರೂ ಊರು ಅದೇ, ಊರಿನ ಕಟ್ಟು ಅದೇ.

ಟೀಚರಮ್ಮ ಉಪಾಯ ಮಾಡಿದಳು. "ಗೋ ಅಂಡ್ ಕಮ್" ಅಂದಳು, ಹೋಗಿ ಬರ್ತೀನಿ ಅನ್ನೋ ಹಾಗೆ. ಬಾಗಿಲು ಧಡ್ ಅಂತ ತೆರೀತು, ಧಡ್ ಅಂತ ಮುಚ್ಚಿತು. ಅವಳ ಸೆರಗಿನ ತುದಿ ಹಲಗೆ ಸಂದಿಯಲ್ಲಿ ಸಿಕ್ಕಿ ಹರೀತು. ಕಾಲು ಮುಂದಿಟ್ಟಿದ್ದರೆ ಕಾಲೇ ಹೋಗ್ತಿತ್ತು. ಆ ಬಾಗಿಲಿಗೆ ಒಂದು ಸಲಕ್ಕೆ ಒಂದೇ ಮಾತು.

ಅಧ್ಯಕ್ಷರು ಗಂಟೆ ಬಾರಿಸಿದರು. "ಗಾಬರಿ ಬೇಡ. ಇದು ಒಳ್ಳೆಯ ಪ್ರಶ್ನೆ. ಗೋ ಅಂದರೆ ಹೋಗು ಹೌದೋ ಅಲ್ಲವೋ? ಇದರ ಮೇಲೇ ಒಂದು ಗೋಷ್ಠಿ ಮಾಡೋಣ, ಕೂತ್ಕೊಳ್ಳಿ."

"ಸಾರ್, ಮನೇಲಿ ಮೊಲೆ ಕೂಸಿದೆ" ಅಂದಳು ಟೀಚರಮ್ಮ.

"ನಿಮ್ಮ ಅನುಭವವನ್ನೂ ಗೋಷ್ಠಿಯಲ್ಲಿ ಹೇಳಿಯಮ್ಮ. ಬೆಲೆ ಇದೆ ಅದಕ್ಕೆ."

ದೂರದ ಪಂಡಿತರು ಎದ್ದರು. "ಗೋ ಬೇರೆ, ಹೋಗು ಬೇರೆ. ಅದು ಬರೀ ಸದ್ದು. ನಿಮ್ಮೂರಿನ ಶಾಪ ನಿಮ್ಮ ಭಾಷೆಗೆ, ಪರಭಾಷೆಗೆ ತಗಲೋದಿಲ್ಲ."

"ಹಾಗಾದರೆ ನಾನು ಮಕ್ಕಳಿಗೆ ಇಷ್ಟು ವರ್ಷ ಕಲಿಸಿದ್ದು ಸುಳ್ಳಾ?" ಅಂದಳು ಟೀಚರಮ್ಮ. ಸುಳ್ಳಾಗಿದ್ದರೆ ಸಾಕಪ್ಪಾ ಅಂತ ಆಸೆ. ಸುಳ್ಳಾಗಿಬಿಟ್ಟರೆ ತನ್ನ ಬದುಕೇ ಏನಾಯಿತು ಅಂತ ದುಃಖ.

"ತಗಲಲ್ಲ ಅಂದಮೇಲೆ ತಾವೇ ಅಂದು ತೋರಿಸಿ ಸ್ವಾಮಿ" ಅಂದ ಹಿಂದಿನ ಸಾಲಿನವನೊಬ್ಬ.

"ಅದಕ್ಕೇನಂತೆ!" ಅಂತ ಪಂಡಿತರು ಶಾಲು ಕೊಡವಿ ಬಾಗಿಲಿಗೆ ಬಂದು "ಗೋ!" ಅಂದರು. ಬಾಗಿಲು ಬೆಣ್ಣೆಯಲ್ಲಿ ಜಾರಿದ ಹಾಗೆ ತೆರೀತು. ಪಂಡಿತರು ಹೊರಗೆ ಕಾಲಿಟ್ಟರು. ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಒಳಗಿನವರೆಲ್ಲ ಹಲಗೆಗೆ ಕಿವಿ ಹಚ್ಚಿ ನಿಂತರು.

"ಗಾಡಿ ಕಟ್ಟಯ್ಯ" ಅಂತ ಹೊರಗೆ ಪಂಡಿತರ ದನಿ.

"ಯಾರು ಸ್ವಾಮಿ ತಾವು?" ಅಂದ ಗಾಡಿಯವನು. "ಈ ಗಾಡಿ ಖಾಲಿ ಇಲ್ಲ. ನಮ್ಮ ಪಂಡಿತರು ಒಳಗಿದಾರೆ, ಅವರಿಗೆ ಕಾಯ್ತಾ ಇದೀನಿ."

"ಏ, ನಾನೇ ಕಣಯ್ಯ!"

"ಅಯ್ಯೋ ಬಿಡಿ ಸ್ವಾಮಿ. ಅವರ ಹಾಗೇ ಶಾಲು ಹೊದ್ದ ಮಾತ್ರಕ್ಕೆ ಅವರಾಗಿಬಿಡ್ತಾರಾ?"

ಒಳಗಿನವರು ಹಲಗೆಯಿಂದ ಕಿವಿ ತೆಗೆದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬೊಬ್ಬರಾಗಿ ಹೋಗಿ ತಮ್ಮ ತಮ್ಮ ಚಾಪೆಯ ಮೇಲೆ ಕೂತರು. ಅಧ್ಯಕ್ಷರು ಗಂಟೆ ಬಾರಿಸಿ ಕೇಳಿದರು: "ಬಾಗಿಲು ಎಂದರೇನು?" ಒಬ್ಬರು ಎದ್ದರು. ಚಪ್ಪಾಳೆ ಬಿತ್ತು.

ಟೀಚರಮ್ಮ ಒಬ್ಬಳು ಕೂರಲಿಲ್ಲ. ಬಾಗಿಲಿಂದ ಕಂಬಕ್ಕೆ, ಕಂಬದಿಂದ ಬಾಗಿಲಿಗೆ. ಬಾಗಿಲಿಂದ ಕಂಬಕ್ಕೆ, ಕಂಬದಿಂದ ಬಾಗಿಲಿಗೆ. ನಡೆದ ಜಾಗದ ಧೂಳೆಲ್ಲ ಎದ್ದಿತು.

ಆಗ ಕೇಳಿಸಿತು. ದೂರದಿಂದ ಅಳು. ಊರಲ್ಲಿ ಎಷ್ಟು ಮಕ್ಕಳು ಅಳುತ್ತವೋ, ಆದರೆ ಈ ಅಳು ಕಿವಿಗೆ ಬೀಳೋ ಮುಂಚೆ ಎದೆಗೆ ಬಿತ್ತು. ಕುಪ್ಪಸ ಒದ್ದೆಯಾಯಿತು. ಸೆರಗು ಒದ್ದೆಯಾಯಿತು. ಅಳು ಹತ್ತಿರ ಬಂದು ಬಾಗಿಲ ಆಚೆ ನಿಂತಿತು.

"ಏನೇ ಹುಡುಗಿ!" ಅತ್ತೆಯ ದನಿ. "ಹೊತ್ತು ಮುಳುಗ್ತಾ ಬಂತು, ಇನ್ನೂ ಬರಲಿಲ್ಲ. ಅತ್ತು ಅತ್ತು ಇದರ ಗಂಟಲು ಒಡೆದುಹೋಗಿದೆ. ಹಸುವಿನ ಹಾಲಲ್ಲಿ ಬಟ್ಟೆ ಅದ್ದಿ ಇಟ್ಟೆ, ಉಗುಳಿತು. ಬೆರಳು ಕೊಟ್ಟೆ, ಕಚ್ಚಿತು."

"ಅತ್ತೆ, ಬಾಗಿಲು ಬಿಡ್ತಾ ಇಲ್ಲ."

"ಬಾಗಿಲು ಬಿಡದೆ ಏನು ಮಾಡುತ್ತೆ? ನಾನೇ ಒಳಗೆ ಬರ್ತೀನಿ. ಇದಕ್ಕೆ ಏನೋ ಅನ್ನಬೇಕಂತಲ್ಲ, ಅದೇನು ಹೇಳಿಕೊಡು."

ಅಧ್ಯಕ್ಷರಿಗೆ ಈ ಮಾತು ಕೇಳಿಸಿ ಸಂತೋಷವಾಯಿತು. "ಕರೀರಮ್ಮ, ಕರಕೊಳ್ಳಿ! ಇಲ್ಲಿ ಏನು ಕಡಿಮೆ? ಚಾಪೆ ಇದೆ, ಅನ್ನ ಸಾರು ಬೇಯ್ತಾ ಇದೆ. ಊರಿನೋರೆಲ್ಲ ಒಳಗೇ ಬಂದುಬಿಟ್ಟರೆ ಹೊರಗೆ ಹೋಗೋ ಪ್ರಶ್ನೆಯೇ ಇರೋದಿಲ್ಲವಲ್ಲ!"

ಟೀಚರಮ್ಮ ಹಲಗೆಗೆ ಬಾಯಿ ಹಚ್ಚಿದಳು. ದಿನಾ ಹೇಳಿಕೊಡೋ ಮಾತು, ಒಂದು ಉಸಿರಿನ ಮಾತು. "ಕ..." ಅಂದಳು. ಅಷ್ಟಕ್ಕೇ ನಿಲ್ಲಿಸಿದಳು. ಮಗು ಒಳಗೆ ಬಂದರೆ ಹಾಲು ಸಿಗುತ್ತೆ. ಆಮೇಲೆ? ಈ ಗೋಡೆಯೊಳಗೇ ಅಂಬೆಗಾಲಿಡುತ್ತೆ, ಈ ಚಪ್ಪಾಳೆ ಕೇಳಿಕೊಂಡೇ ಬೆಳೆಯುತ್ತೆ. ಒಂದು ದಿನ ಬೀದಿ ನೋಡೋ ಆಸೆ ಆಗುತ್ತೆ. ಆವತ್ತು ಅದು ಈ ಹೊಸಿಲ ಮೇಲೆ ನಿಂತು ಗೋ ಅನ್ನಬೇಕು. ತನ್ನನ್ನ ಹೆತ್ತವಳನ್ನೇ ಒಳಗೆ ಬಿಟ್ಟು, ಯಾರಿಗೂ ಯಾರೂ ಅಲ್ಲದೆ ಹೊರಗೆ ಕಾಲಿಡಬೇಕು.

"ಹೇಳೇ, ಏನನ್ನಬೇಕು?" ಅಂದಳು ಅತ್ತೆ.

"ಏನೂ ಅನ್ನಬೇಡಿ ಅತ್ತೆ. ಒಂದಡಿ ಹಿಂದೆ ನಿಂತ್ಕೊಳ್ಳಿ. ನಾನೇ ಬರ್ತೀನಿ."

"ಬರ್ತೀಯ ತಾನೇ?"

"ಬರ್ತೀನಿ."

"ಹಾಂ. ಬರ್ತೀನಿ ಅಂದಮೇಲೆ ಬಂದೇ ಬರ್ತೀಯ. ನಂಗೊತ್ತು."

ಅತ್ತೆ ತನಗೆ ಅಂತ ಆಡಿದ ಕೊನೆಯ ಮಾತು ಇದು ಅಂತ ಟೀಚರಮ್ಮನಿಗೆ ತಿಳೀತು. ಅದನ್ನ ಸ್ವಲ್ಪ ಹೊತ್ತು ಕಿವಿಯಲ್ಲೇ ಇಟ್ಟುಕೊಂಡು ನಿಂತಳು. ಆಚೆ ಮಗು ಅಳೋದನ್ನ ನಿಲ್ಲಿಸಿತು. ಅಳೋಕೂ ಶಕ್ತಿ ಇಲ್ಲದ ಹಾಗೆ ಬಿಕ್ಕಿತು. ಆ ಬಿಕ್ಕು ಕೇಳಿದ್ದೇ ಅವಳು ಕಣ್ಣು ಮುಚ್ಚಿಕೊಂಡು ಅಂದಳು:

"ಗೋ."

ಬಾಗಿಲು ತೆರೀತು. ಅವಳು ಹೊರಗೆ ಬಂದಳು. ಬಾಗಿಲು ಮುಚ್ಚಿತು.

ಅತ್ತೆ ಎದುರಿಗೇ ನಿಂತಿದ್ದಳು. ಅವಳ ಕಣ್ಣು ಸೊಸೆಯ ಮುಖದ ಮೇಲೆ ಬಿದ್ದು, ಅಲ್ಲಿ ನಿಲ್ಲದೆ ಜಾರಿ, ಹಿಂದಿನ ಬಾಗಿಲಿಗೆ ಹೋಯಿತು.

"ಒಳಗಿಂದ ಬಂದ್ಯಾಮ್ಮಾ? ಯಾರ ಮನೆಯವಳೋ, ನೋಡಿದ ಹಾಗಿಲ್ಲ. ನಮ್ಮ ಸೊಸೆ ಅಲ್ಲೇ ಬಾಗಿಲ ಹಿಂದೆ ಇದ್ದಳು. ಈಗ ಬರ್ತೀನಿ ಅಂದಳು. ಬರ್ತಾ ಇದಾಳಾ?"

ಟೀಚರಮ್ಮನ ಬಾಯಿ ತೆರೀತು. ಅಷ್ಟರಲ್ಲಿ ಮಗು ಅತ್ತೆಯ ಸೊಂಟದಿಂದ ಅವಳ ಕಡೆ ಬಗ್ಗಿತು. ಮಾತು ಕಲಿಯದ ಬಾಯಿ ಅದು, ಅದಕ್ಕೆ ಯಾವ ಕಟ್ಟೂ ಇಲ್ಲ. ಮೂಗು ಅರಳಿಸಿ, ಕೈ ಚಾಚಿ, ಬೀಳೋ ಹಾಗೆ ಬಗ್ಗಿತು.

"ಅಯ್ಯೋ, ನಿನ್ನ ಕುಪ್ಪಸ ಒದ್ದೆಯಾಗಿದೆಯಲ್ಲೇ ತಾಯಿ. ಹಾಲಿದೆಯಾ ನಿನಗೆ?" ಅಂದಳು ಅತ್ತೆ. "ನಾಚಿಕೆ ಬಿಟ್ಟು ಕೇಳ್ತೀನಿ, ಒಂದು ಗುಟುಕು ಕೊಡ್ತೀಯಾ? ನಮ್ಮವಳು ಬರೋ ತನಕ. ಪುಣ್ಯ ಬರುತ್ತೆ ನಿನಗೆ."

ಟೀಚರಮ್ಮ ಹೆಬ್ಬಾಗಿಲ ಮೆಟ್ಟಿಲ ಮೇಲೆ ಕೂತಳು. ಮಗುವನ್ನ ತೊಡೆಗೆ ತಗೊಂಡು ಸೆರಗು ಮುಚ್ಚಿದಳು. ಅತ್ತೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಬಾಗಿಲನ್ನೇ ನೋಡಿದಳು. "ಬಂದಳು, ಈಗ ಬಂದುಬಿಡ್ತಾಳೆ" ಅಂತ ತನ್ನಷ್ಟಕ್ಕೆ ಅನ್ನುತ್ತಾ ನೋಡಿದಳು. ಮಗು ಕುಡಿದು ಕುಡಿದು ಅಲ್ಲೇ ನಿದ್ದೆ ಹೋಯಿತು. ಬಾಗಿಲು ತೆರೀಲಿಲ್ಲ.

"ನಡಿಯಮ್ಮ, ನಮ್ಮನೆಗೇ ಬಾ" ಅಂದಳು ಅತ್ತೆ ಕೊನೆಗೆ. "ಅವಳು ಬರೋ ತನಕ ಇರು. ಬಂದ ಮೇಲೆ ಸೀರೆ ಕುಪ್ಪಸ ಕೊಟ್ಟು ಕಳಿಸ್ತೀನಿ."

ಹೀಗೆ ಟೀಚರಮ್ಮ ತನ್ನ ಮನೆಯ ಹೊಸಿಲನ್ನ ತಾನೇ ನೆಂಟರ ಹಾಗೆ ದಾಟಿದಳು. ಗಂಡ ಎದ್ದು ಕಾಲಿಗೆ ನೀರು ಕೊಟ್ಟ, ಮುಖ ನೋಡದೆ, ಪರಸ್ತ್ರೀಗೆ ಕೊಡೋ ಹಾಗೆ. ರಾತ್ರಿ ಪರರ ಹೆಂಗಸು ಮನೆಯಲ್ಲಿದಾಳೆ ಅಂತ ಚಾಪೆ ತಗೊಂಡು ಜಗಲಿಗೆ ಹೋದ. ಆಮೇಲೆ ಜಗಲಿಯಿಂದ ಒಳಗೆ ಮಲಗೋಕೆ ಬರಲೇ ಇಲ್ಲ.

ಅವಳು ಹೇಳದೆ ಇದ್ದಳೇ? ಹೇಳಿದಳು. "ಅತ್ತೆ, ನಾನೇ ನಿಮ್ಮ ಸೊಸೆ" ಅಂದಳು. ಅತ್ತೆಗೆ ಸಿಟ್ಟು ಬರಲಿಲ್ಲ. ಅವಳ ತಲೆ ಸವರಿ, "ಹಾಲು ಕೊಟ್ಟ ಮೇಲೆ ಹಾಗನ್ನಿಸುತ್ತೆ ಕಣಮ್ಮ, ಮಗು ತನ್ನದೇ ಅನ್ನಿಸುತ್ತೆ. ಆದರೂ ಹಾಗನ್ನಬೇಡ. ಅವಳು ಬಂದು ಕೇಳಿಸಿಕೊಂಡರೆ ನೊಂದುಕೊಳ್ತಾಳೆ" ಅಂದಳು. ಅದಾದ ಮೇಲೆ ಟೀಚರಮ್ಮ ಹೇಳಲಿಲ್ಲ.

ಸಂಜೆಯಾದರೆ ಅತ್ತೆ ಹೆಬ್ಬಾಗಿಲಿಗೆ ಹೊರಡೋಳು. ಟೀಚರಮ್ಮ ಮಗು ಎತ್ತಿಕೊಂಡು ಜೊತೆಗೆ. ಅತ್ತೆ ಹಲಗೆ ತಟ್ಟಿ, "ಏ ಹುಡುಗಿ, ಬಾರೇ!" ಅನ್ನೋಳು. ಒಳಗೆ ಗಂಟೆ, ಒಳಗೆ ಚಪ್ಪಾಳೆ. ಪಕ್ಕದಲ್ಲಿ ನಿಂತವಳು ತುಟಿ ಕಚ್ಚಿ ಮಗುವನ್ನ ತಟ್ಟೋಳು. ಸಂಜೆಯಾದರೆ ಹೊರಡೋದು, ಹಲಗೆ ತಟ್ಟೋದು, ಕೂಗೋದು, ವಾಪಸು ಬರೋದು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಮಾತೇ ಆಡೋಳು. "ಸಾರಿಗೆ ಹುಳಿ ಜಾಸ್ತಿ ಹಾಕೋಳು, ಹೇಳಿದರೆ ಕೇಳೋಳಲ್ಲ. ಪುಸ್ತಕ ಹಿಡಿದರೆ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗ್ತಿರಲಿಲ್ಲ. ಆದರೆ ಒಂದು ದಿನ, ಒಂದೇ ಒಂದು ದಿನ, ನನ್ನ ಮುಂದೆ ದನಿ ಎತ್ತಿದವಳಲ್ಲ. ಎದುರಿಗೆ ಹೇಳಿರಲಿಲ್ಲ ನಾನು. ಸೊಸೆ ಅಂದಮೇಲೆ ಎದುರಿಗೆ ಹೊಗಳಬಾರದು ನೋಡು." ಪಕ್ಕದವಳು ಹೂಂ ಅನ್ನೋಳು. ಅವಳು ಆ ಮನೆಗೆ ಬಂದು ಅಷ್ಟು ವರ್ಷದಲ್ಲಿ ಕೇಳದ ಮಾತನ್ನೆಲ್ಲ ಆ ದಾರಿಯಲ್ಲಿ ಕೇಳ್ತಾ ಹೋದಳು, ಯಾರೋ ಸತ್ತವಳ ಸುದ್ದಿ ಕೇಳೋ ಹಾಗೆ.

ಒಂದು ದಿನ ಸ್ಕೂಲಿನ ಕಿಟಕಿ ಹತ್ತಿರ ಹೋಗಿ ನಿಂತಳು. ಅವಳ ಜಾಗಕ್ಕೆ ಬೇರೆ ಯಾರೋ ಬಂದಿದ್ದರು. "ಗೋ ಅಂದ್ರೆ?" "ಹೋಗು!" ಮಕ್ಕಳು ಅದೇ ರಾಗದಲ್ಲಿ ಕೂಗಿದವು. ಅಷ್ಟೇ ಅಲ್ಲ ಕಣ್ರೋ, ಅದು ಅರ್ಧ ಕಣ್ರೋ ಅಂತ ಕೂಗಬೇಕು ಅನ್ನಿಸಿತು ಅವಳಿಗೆ. ಕಿಟಕಿ ಪಕ್ಕದ ಹುಡುಗಿ ಇವಳನ್ನ ನೋಡಿ, "ಯಾರ್ ಬೇಕು ನಿಮಗೆ?" ಅಂದಳು. ಕೈ ಹಿಡಿದು ಅಕ್ಷರ ತಿದ್ದಿಸಿದ್ದ ಹುಡುಗಿ ಅದು.

ಇನ್ನು ಯಾರು ಯಾರು ಏನಾದರು ಕೇಳಿ.

ಅಧ್ಯಕ್ಷರು ಇನ್ನೂ ಒಳಗೇ ಇದಾರೆ. ಸಮಾರೋಪದ ಭಾಷಣ ನಡೀತಾನೇ ಇದೆ. ಆ ದಾರಿಯಲ್ಲಿ ಹೋದರೆ ಈಗಲೂ ಚಪ್ಪಾಳೆ ಕೇಳಿಸುತ್ತಂತೆ, ಆದರೆ ದಿನೇ ದಿನೇ ಸಣ್ಣದಾಗಿ. ಯಾಕಂದರೆ ಮನೆಯ ನೆನಪು ತಡೆಯದಾದವರು ಆಗೊಬ್ಬರು ಈಗೊಬ್ಬರು ಗೋ ಅಂದು ಹೊರಗೆ ಬಂದರು. ಹಾಗಾಗಿ ಆ ಊರಿನ ಕೆಲವು ಮನೆಗಳಲ್ಲಿ, ಎಲ್ಲಿಂದ ಬಂದರೋ ತಿಳಿಯದ ಒಬ್ಬರು ಜಗಲಿ ಮೂಲೆಯಲ್ಲಿ ಇರ್ತಾರೆ. ಮನೆಯವರು ಅವರಿಗೆ ಊಟ ಹಾಕ್ತಾರೆ. ಯಾಕೆ ಹಾಕ್ತೀವಿ ಅಂತ ಅವರಿಗೂ ಗೊತ್ತಿಲ್ಲ.

ದೂರದ ಪಂಡಿತರು ನಡೆದುಕೊಂಡೇ ತಮ್ಮೂರಿಗೆ ಹೋದರು. ಅಲ್ಲಿ ಯಾರೂ ನಮಸ್ಕಾರ ಮಾಡಲಿಲ್ಲ, ಯಾರೂ ಸಭೆಗೆ ಕರೀಲಿಲ್ಲ. ಮೊದಮೊದಲು ಅತ್ತರು. ಆಮೇಲೆ ಒಂದು ಹೂವಿನ ಅಂಗಡಿಯಲ್ಲಿ ಮಾಲೆ ಕಟ್ಟೋಕೆ ಕೂತರು. ಚೆನ್ನಾಗಿ ಕಟ್ತಾರಂತೆ. ಗಾಡಿಯವನು ಬಹಳ ದಿನ ಕಾದು, ಕೊನೆಗೆ ಎತ್ತಿಗೆ ಹುಲ್ಲು ತೀರಿ, ಖಾಲಿ ಗಾಡಿ ಹೊಡಕೊಂಡು ಹೋದ.

ಗಂಡನಿಗೆ ಇನ್ನೊಂದು ಮದುವೆ ಮಾಡಿಕೋ ಅಂತ ಊರೆಲ್ಲ ಹೇಳಿತು. ಬರ್ತೀನಿ ಅಂದಿದಾಳೆ, ಹೇಗೆ ಮಾಡಿಕೊಳ್ಳಲಿ ಅಂದ. ಒಂದು ಸಲ ಊಟಕ್ಕೆ ಕೂತವನು, "ನಿಮ್ಮ ಕೈ ಸಾರು ನಮ್ಮವಳ ಸಾರಿನ ಹಾಗೇ ಇರುತ್ತೆ" ಅಂದು, ಅನ್ನ ಕಲಸಿದ ಕೈ ಹಾಗೇ ಎಲೆ ಮೇಲೆ ಇಟ್ಟುಕೊಂಡು ಕೂತ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ಜಗಲಿಯಲ್ಲೇ ಅವನ ತಲೆ ಬೆಳ್ಳಗಾಯಿತು.

ಮಗು ಬೆಳೀತು. ಹಾಲು ಕೊಟ್ಟವಳನ್ನ ಹಾಲಮ್ಮ ಅಂತ ಕರೀತು. ಓದಿ ಅದೂ ಟೀಚರಮ್ಮನೇ ಆಯಿತು. ಈ ಹೊಸ ಟೀಚರಮ್ಮ "ಗೋ ಅಂದ್ರೆ?" ಅಂತ ಕೇಳಿ ಮಕ್ಕಳು "ಹೋಗು!" ಅಂದರೆ ಅಷ್ಟಕ್ಕೆ ಬಿಡಲ್ಲ. "ಹೋಗಿ?" ಅಂತ ಕಾಯ್ತಾಳೆ. "ಹೋಗಿ ಬಾ!" ಅಂತ ಮಕ್ಕಳು ಕೂಗೋ ತನಕ ಮುಂದಿನ ಮಾತಿಗೆ ಹೋಗಲ್ಲ. ಹಾಗೆ ಕಲಿಸು ಅಂತ ಹಾಲಮ್ಮ ಹೇಳಿಕೊಟ್ಟದ್ದು.

ಅತ್ತೆ ಮುದುಕಿಯಾಗಿ ಹಾಸಿಗೆ ಹಿಡಿದಳು. ಒಂದು ಬೆಳಗ್ಗೆ, ಬಿಸಿಲು ನಡುಮನೆಗೆ ಬಂದ ಹೊತ್ತು, ಮಗನ ಕೈ ಹಿಡಿದು "ಹೋಗ್ತೀನಪ್ಪಾ" ಅಂದಳು. ಮೊಮ್ಮಗಳ ಕೆನ್ನೆ ಮುಟ್ಟಿ "ಹೋಗ್ತೀನಿ ಕಂದಾ" ಅಂದಳು. ಸಾವೂ ಒಂದು ಹೊಸಿಲೇ ತಾನೇ. ಅಲ್ಲಿ ನಿಂತು ಆ ಮಾತು ಆಡಿದವರಿಗೆ, ಅದೇ ಮಾತಾಡಿ ಬಂದವರ ಗುರುತು ಸಿಕ್ಕಿಬಿಡುತ್ತೆ. ಕಾಲ ಹತ್ತಿರ ಕೂತಿದ್ದ ಹಾಲಮ್ಮನಿಗೂ ಹೇಳೋಣ ಅಂತ ತಿರುಗಿದವಳ ಕಣ್ಣು ಅವಳ ಮುಖದ ಮೇಲೇ ನಿಂತುಬಿಟ್ಟಿತು.

"ಅಯ್ಯೋ ಹುಡುಗಿ! ನೀನು ಯಾವಾಗ ಬಂದ್ಯೇ?"

"ಆವತ್ತೇ ಬಂದೆ ಅತ್ತೆ."

"ಆವತ್ತಿಂದ ಇಲ್ಲೇ ಇದ್ಯಾ?"

"ಇಲ್ಲೇ ಇದ್ದೆ."

"ಅಯ್ಯಯ್ಯೋ... ನಿನ್ನ ಬಗ್ಗೆ ನಿನ್ನ ಮುಂದೇನೇ ಏನೇನೆಲ್ಲ ಅಂದುಬಿಟ್ಟೆನಲ್ಲೇ!" ಅಂತ ಅತ್ತೆಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿಯೋಕೆ ಕೈ ಎತ್ತಿದಳು. ಅದನ್ನ ಸೊಸೆ ಹಿಡಿದುಕೊಂಡಳು, ಪ್ರಾಣ ಹೋದ ಮೇಲೂ ಆ ಕೈ ಅವಳ ಕೈಯಲ್ಲೇ ಉಳೀತು.

ಇನ್ನು ನಮ್ಮ ಮೊದಲಿನ ಟೀಚರಮ್ಮ. ಇಡೀ ಲೋಕದಲ್ಲಿ ಒಬ್ಬಳಿಗೆ, ಒಂದು ನಗು ನಕ್ಕು ಮುಗಿಸೋವಷ್ಟು ಹೊತ್ತು, ಅವಳು ಯಾರು ಅಂತ ಗೊತ್ತಾಗಿತ್ತು. ಅಷ್ಟು ಸಾಕಾಯಿತಾ ಅಂತ ಕೇಳಬೇಡಿ. ಸಾಕಾಗಲಿಲ್ಲ. ಅವಳು ಆ ಮನೆಯಲ್ಲೇ ಇದಾಳೆ. ಮೊದಲೆಲ್ಲ ಬಂದವರು ಹೋದವರು ನೀವು ಈ ಮನೆಗೆ ಏನಾಗಬೇಕು ಅಂತ ಕೇಳಿದರೆ, ಹಾಲು ಕೊಡೋಕೆ ಬಂದವಳು ಅಂತಿದ್ದಳು. ಆ ಬೆಳಗ್ಗೆಯಿಂದ, ಈ ಮನೆ ಸೊಸೆ ಅಂತಾಳೆ. ಕೇಳಿದವರು ನಂಬಲ್ಲ. ನಂಬದಿದ್ದರೆ ಬಿಡಲಿ, ಅವಳು ಅನ್ನೋದನ್ನ ಬಿಟ್ಟಿಲ್ಲ.